ಸಮುದಾಯ ವಿನ್ಯಾಸದ ಶಿಕ್ಷಣವೂ ಅದರ ವೃತ್ತಿಬಳಗವೂ

ವಾಸ್ತುಶಿಲ್ಪವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣಮುಂದೆ ನಿಲ್ಲುವುದು ಬೇಲೂರಿನ ಭಿತ್ತಿ, ಹಂಪೆಯ ಕಲ್ಲಿನ ತೇರು, ವಿಜಯಪುರದ ಗೋಳಗುಮ್ಮಟ. ಬಾಡಿಗೆಯ ಮನೆ, ಸೋರುವ ಸೂರು, ಓಣಿಯ ಚರಂಡಿ ಇವು ಆ ಶಬ್ದದ ವ್ಯಾಪ್ತಿಗೆ ಸೇರುತ್ತವೆಂದು ಅವರಿಗೆ ತೋರುವುದೇ ಇಲ್ಲ. ಇತಿಹಾಸವನ್ನು ಬೋಧಿಸುವ ನಾವೇ ಇದಕ್ಕೆ ಬಹುಮಟ್ಟಿಗೆ ಹೊಣೆ. ಕಟ್ಟಿಸಿದವರ ಹೆಸರನ್ನು ಬರೆಯಿಸಿದೆವು. ಕಟ್ಟಿದವರು ರಾತ್ರಿ ಎಲ್ಲಿ ಮಲಗುತ್ತಿದ್ದರೆಂದು ಕೇಳಲಿಲ್ಲ. ವಾಸ್ತುಶಿಲ್ಪವನ್ನು ವೃತ್ತಿಯಾಗಿ ಕಲಿಸುವ ಶಾಲೆಗಳಲ್ಲಿಯೂ ಬಹುಕಾಲ ಇದೇ ದೃಷ್ಟಿಯಿದ್ದಿತು. ಅದನ್ನು ಬದಲಿಸಲು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 1960ರ ದಶಕದಿಂದೀಚೆಗೆ ನಡೆದ ಒಂದು ಪ್ರಯತ್ನವನ್ನು ಇಲ್ಲಿ ವಿವರಿಸಲು ಉದ್ದೇಶಿಸಿದೆ. ಅದಕ್ಕೆ ಅಲ್ಲಿ ರೂಢವಾದ ಹೆಸರು ಸಮುದಾಯ ವಿನ್ಯಾಸ. ವಾಸ್ತುಶಿಲ್ಪಿಗೆ ಸಂಭಾವನೆ ಕೊಡಲಾರದ ಜನರ ನಡುವೆ ಹೋಗಿ, ಅವರೊಡನೆ ಕುಳಿತು, ಅವರ ಮನೆ, ಶಾಲೆ, ಬೀದಿಗಳನ್ನು ಕುರಿತು ಅವರೇ ನಿರ್ಣಯಿಸುವಂತೆ ನೆರವಾಗುವುದು ಇದರ ತಿರುಳು. ಈ ಕೆಲಸದಿಂದ ಹುಟ್ಟಿದ ಕಟ್ಟಡಗಳ ವಿಚಾರ ಅನೇಕ ಗ್ರಂಥಗಳಲ್ಲಿ ಬಂದಿದೆ. ಚದುರಿಹೋಗಿದ್ದ ಈ ಕೆಲಸಗಾರರು ಒಬ್ಬರನ್ನೊಬ್ಬರು ಹುಡುಕಿಕೊಂಡು ಬಳಗವಾಗಿ ಕೂಡಬೇಕಾಗಿ ಬಂದುದೇಕೆ ಎಂಬುದು ಅಷ್ಟಾಗಿ ಚರ್ಚಿತವಾಗಿಲ್ಲ. ನನ್ನ ದೃಷ್ಟಿ ವಿಶೇಷವಾಗಿ ಅದರ ಮೇಲೆ.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1949ರ ವಸತಿ ಶಾಸನದ ಮೂಲಕ ಅಲ್ಲಿಯ ಸಂಯುಕ್ತ ಸರಕಾರವು ನಗರಗಳ ಹದಗೆಟ್ಟ ಭಾಗಗಳನ್ನು ಕೊಂಡು, ತೆರವು ಮಾಡಿ, ಹೊಸ ನಿರ್ಮಾಣಕ್ಕೆ ಕೊಡಲು ನಗರಾಡಳಿತಗಳಿಗೆ ಧನಸಹಾಯವನ್ನು ಒದಗಿಸಿತು. ಮುಂದೆ ಇದಕ್ಕೆ ನಗರ ನವೀಕರಣವೆಂಬ ಹೆಸರು ಬಂದಿತು. ಹದಗೆಟ್ಟ ಭಾಗ ಯಾವುದೆಂದು ನಿರ್ಣಯಿಸುತ್ತಿದ್ದವರು ಅಲ್ಲಿ ವಾಸಿಸದವರು. ಹೀಗಾಗಿ ಬಡವರೂ, ಅವರಲ್ಲಿ ವಿಶೇಷವಾಗಿ ಆಫ್ರಿಕನ್-ಅಮೆರಿಕನ್ ಜನರೂ ತಾವಿದ್ದ ನೆಲೆಯನ್ನು ಕಳೆದುಕೊಂಡರು. ಅವರ ಓಣಿಗಳಿದ್ದ ಕಡೆ ಹೆದ್ದಾರಿಗಳೂ ಕಚೇರಿಗಳೂ ಎದ್ದುವು. 1961ರಲ್ಲಿ ಜೇನ್ ಜೇಕಬ್ಸ್ ಅವರು ಅಮೆರಿಕದ ಮಹಾನಗರಗಳನ್ನು ಕುರಿತು ಬರೆದ ಗ್ರಂಥವು ಈ ಯೋಜಕರ ಪಾಂಡಿತ್ಯವನ್ನೇ ಪ್ರಶ್ನಿಸಿತು. 1963ರಲ್ಲಿ ಬ್ರೂಕ್ಲಿನ್ನಿನ ಪ್ರಾಟ್ ಸಂಸ್ಥೆಯು ನೆರೆಹೊರೆಯ ಜನಕ್ಕೆ ಯೋಜನಾಶಾಸ್ತ್ರದ ನೆರವು ನೀಡುವ ಕೇಂದ್ರವೊಂದನ್ನು ತೆರೆಯಿತು. ಮರುವರ್ಷ ನ್ಯೂಯಾರ್ಕಿನ ಹಾರ್ಲೆಮ್ ಪ್ರದೇಶದಲ್ಲಿ ಸಿ. ರಿಚರ್ಡ್ ಹ್ಯಾಚ್ ಎಂಬ ವಾಸ್ತುಶಿಲ್ಪಿ ಹಾರ್ಲೆಮ್ ವಾಸ್ತುಶಿಲ್ಪಿಗಳ ನವೀಕರಣ ಸಮಿತಿಯನ್ನು ಸ್ಥಾಪಿಸಿದರು.

ಈ ಹಾರ್ಲೆಮ್ ಸಮಿತಿಯ ವೃತ್ತಾಂತ ಸ್ವಲ್ಪ ನಿಧಾನವಾಗಿ ನೋಡತಕ್ಕದ್ದು. ಪೂರ್ವ ಹಾರ್ಲೆಮ್‌ನಲ್ಲಿ 125ನೆಯ ಬೀದಿ, ಪಾರ್ಕ್ ಅವೆನ್ಯೂ, ಹಾರ್ಲೆಮ್ ನದಿ ಇವುಗಳ ನಡುವೆ ಮೂರು ಮೂಲೆಯ ತುಂಡು ನೆಲವೊಂದಿದೆ. ಆಕಾರದಿಂದಲೇ ಅದಕ್ಕೆ ತ್ರಿಕೋನವೆಂದು ಹೆಸರು. 1960ರ ದಶಕದ ಮೊದಲಲ್ಲಿ ಅಲ್ಲಿಯ ವಾಸಸ್ಥಳಗಳನ್ನು ತೆಗೆದು ಕೈಗಾರಿಕೆಗೆ ಕೊಡುವ ಆಲೋಚನೆ ನಗರಾಡಳಿತಕ್ಕೆ ಬಂದಿತು. ಆಲಿಸ್ ಕಾರ್ನಗೆ ಎಂಬಾಕೆಯ ನಾಯಕತ್ವದಲ್ಲಿ ನಿವಾಸಿಗಳು ಸಂಘಕಟ್ಟಿ ಇದನ್ನು ಎದುರಿಸಿದರು. ಎದುರಿಸುವುದು ಒಂದು, ಬದಲಿ ಯೋಜನೆಯನ್ನು ಮುಂದಿಡುವುದು ಮತ್ತೊಂದು. ಎರಡನೆಯದಕ್ಕೆ ನಕ್ಷೆ ಬೇಕು, ಅಂದಾಜು ಪಟ್ಟಿ ಬೇಕು, ಕಾನೂನಿನ ಭಾಷೆ ಬೇಕು. ಹಾರ್ಲೆಮ್ ಸಮಿತಿ ಈ ಸಂಘಕ್ಕೆ ಯೋಜಕನಾಗಿ ನಿಂತಿತು. 1968ರಲ್ಲಿ ಹೊರಬಂದ ಯೋಜನೆಯ ಮೂಲತತ್ವವೆಂದರೆ, ಈಗಿರುವ ಜನರೇ ಅಲ್ಲಿ ಉಳಿಯತಕ್ಕದ್ದು ಎಂಬುದು. ಆ ವೇಳೆಗೆ ಸಮಿತಿಯ ಮುಖ್ಯಸ್ಥರಾಗಿದ್ದವರು ಜೆ. ಮ್ಯಾಕ್ಸ್ ಬಾಂಡ್, ಘಾನಾ ದೇಶದಲ್ಲಿ ಕೆಲಸಮಾಡಿ ಹಿಂದಿರುಗಿದ್ದ ಆಫ್ರಿಕನ್-ಅಮೆರಿಕನ್ ವಾಸ್ತುಶಿಲ್ಪಿ. ಹೊರಗಿನ ತಜ್ಞರು ಬಂದು ಸಹಾಯಮಾಡಿದರೆ ಸಾಲದು, ಆ ಓಣಿಯ ತರುಣರೇ ಈ ವೃತ್ತಿಗೆ ಬರಬೇಕೆಂದು ಸಮಿತಿ ಮನಗಂಡು, ಅವರಿಗೆ ತರಬೇತಿಯನ್ನೂ ಏರ್ಪಡಿಸಿತು. ಶಿಕ್ಷಣಕ್ಕೂ ಸಮುದಾಯ ವಿನ್ಯಾಸಕ್ಕೂ ಗಂಟುಬಿದ್ದುದು ಇಲ್ಲಿ.

ಇದಕ್ಕೆ ಶಾಸ್ತ್ರೀಯವಾದ ಆಧಾರವನ್ನು ಒದಗಿಸಿದವರು ಪಾಲ್ ಡೇವಿಡಾಫ್. ನ್ಯಾಯಾಲಯದಲ್ಲಿ ಪ್ರತಿಯೊಬ್ಬ ಕಕ್ಷಿಗೂ ವಕೀಲನಿರುವಂತೆ ನಗರಯೋಜನೆಯಲ್ಲಿ ಬಡವರ ಪಕ್ಷಕ್ಕೂ ಒಬ್ಬ ಯೋಜಕನಿರಬೇಕೆಂದು ಅವರು 1965ರ ಪ್ರಬಂಧವೊಂದರಲ್ಲಿ ವಾದಿಸಿದರು. ಮೂರು ವರ್ಷಗಳ ಅನಂತರ ಪೋರ್ಟ್‌ಲೆಂಡಿನಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯ ವಾರ್ಷಿಕ ಸಮ್ಮೇಳನ ಸೇರಿತು. ಅಲ್ಲಿ ನಾಗರಿಕ ಹಕ್ಕುಗಳ ನಾಯಕರಲ್ಲೊಬ್ಬರಾದ ವಿಟ್ನಿ ಯಂಗ್ ಅವರನ್ನು ಭಾಷಣಕ್ಕೆ ಕರೆದಿದ್ದರು. ದೇಶವೆಲ್ಲ ನ್ಯಾಯಕ್ಕಾಗಿ ಹೊಯ್ದಾಡುತ್ತಿದ್ದಾಗ ಈ ವೃತ್ತಿಯವರು ಬಾಯಿಮುಚ್ಚಿಕೊಂಡಿದ್ದರೆಂದು ಅವರು ಅತಿಥಿಯ ದಾಕ್ಷಿಣ್ಯವಿಲ್ಲದೆ ನುಡಿದರು. ಸಮ್ಮೇಳನಗಳ ಭಾಷಣಗಳಿಂದ ಏನಾದರೂ ನಡೆಯುತ್ತದೆಂದು ನನಗೆ ಸಾಮಾನ್ಯವಾಗಿ ನಂಬಿಕೆಯಿಲ್ಲ. ಈ ಭಾಷಣ ಅಪವಾದ. ಅನಂತರದ ವರ್ಷಗಳಲ್ಲಿ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವೇತನಗಳು ಏರ್ಪಟ್ಟುವು. ಅನೇಕ ನಗರಗಳಲ್ಲಿ ಸಮುದಾಯ ವಿನ್ಯಾಸ ಕೇಂದ್ರಗಳು ತಲೆಯೆತ್ತಿದುವು. ಯೇಲ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮೂರ್ ಅವರು ಇದಕ್ಕೆ ಒಂದು ವರ್ಷ ಮುಂಚೆಯೇ, ಎಂದರೆ 1967ರಲ್ಲಿ, ಮೊದಲ ವರ್ಷದ ವಿದ್ಯಾರ್ಥಿಗಳನ್ನು ಕೆಂಟಕಿ ಪ್ರಾಂತದ ನ್ಯೂ ಜಯಾನ್ ಎಂಬ ಹಳ್ಳಿಗೆ ಕರೆದೊಯ್ದು, ಸಮುದಾಯ ಭವನವೊಂದನ್ನು ಅವರ ಕೈಯಿಂದಲೇ ಕಟ್ಟಿಸಿದ್ದರು.

ಈ ಕೇಂದ್ರಗಳ ಸ್ವರೂಪ ಸರಳವಾದುದು. ಬಡ ಓಣಿಯಲ್ಲಿ ಒಂದು ಕೋಣೆ. ಅಲ್ಲಿ ಕೆಲವು ಅಧ್ಯಾಪಕರು, ವಿದ್ಯಾರ್ಥಿಗಳು, ಒಂದಿಬ್ಬರು ಸಂಬಳದ ವಾಸ್ತುಶಿಲ್ಪಿಗಳು. ಬಾಡಿಗೆದಾರರ ಸಂಘವೋ ಪ್ರಾರ್ಥನಾಮಂದಿರದ ಸಭೆಯೋ ಶಿಶುವಿಹಾರ ಬೇಕೆನ್ನುವ ತಾಯಂದಿರೋ ಬಂದು ಕೇಳುತ್ತಾರೆ. ಇವರು ಅಳತೆ ತೆಗೆದು, ನಕ್ಷೆ ಬರೆದು, ವೆಚ್ಚವನ್ನು ಲೆಕ್ಕಹಾಕಿ, ಅಧಿಕಾರಿಗಳ ಮುಂದೆ ಅವರೊಡನೆ ನಿಲ್ಲುತ್ತಾರೆ. ಕೆಲಸವೇನೋ ಸರಳ, ಬದುಕಿ ಉಳಿಯುವುದು ಮಾತ್ರ ದುಸ್ತರವಾಗಿದ್ದಿತು. ಹಣವು ಬಹುಪಾಲು ಬರುತ್ತಿದ್ದುದು 1964ರಲ್ಲಿ ಆರಂಭವಾದ ದಾರಿದ್ರ್ಯ ನಿವಾರಣೆಯ ಸರಕಾರಿ ನಿಧಿಗಳಿಂದ; ಸರಕಾರದ ಮನಸ್ಸು ತಿರುಗಿದರೆ ಕೋಣೆಗೆ ಬೀಗ ಬೀಳುತ್ತಿದ್ದಿತು. ವಿಶ್ವವಿದ್ಯಾಲಯದಲ್ಲಿ ಬಡ್ತಿಯನ್ನು ನಿರ್ಣಯಿಸುವವರು ಪ್ರಕಟಿತ ಲೇಖನಗಳನ್ನು ಎಣಿಸಬಲ್ಲರೇ ಹೊರತು, ಸಂಜೆಯ ಸಭೆಗಳಲ್ಲಿ ಕಳೆದ ಗಂಟೆಗಳನ್ನು ಎಣಿಸಲಾರರು.

ಹಣಕ್ಕಿಂತಲೂ ಮೂಲಭೂತವಾದ ತೊಡಕು ಕಾಲದ್ದೆಂದು ನನಗೆ ತೋರುತ್ತದೆ. ವಿದ್ಯಾರ್ಥಿಯ ಕಾಲ ಅರ್ಧ ವರ್ಷದ ಪಾಠಾವಧಿ. ನಿವಾಸಿಯ ಕಾಲ ಅವನ ಜೀವಮಾನ. ವಿದ್ಯಾರ್ಥಿಗಳು ಬಂದು ಮನೆಮನೆಗೂ ಹೋಗಿ ಪ್ರಶ್ನೆ ಕೇಳುತ್ತಾರೆ, ಅಂದವಾದ ಮಾದರಿಯನ್ನು ಮಾಡಿ ಸಭೆಯಲ್ಲಿ ತೋರಿಸುತ್ತಾರೆ, ಪರೀಕ್ಷೆ ಮುಗಿಸಿ ಹೊರಟುಹೋಗುತ್ತಾರೆ. ಮುಂದಿನ ವರ್ಷ ಮತ್ತೊಂದು ತಂಡ ಅದೇ ಬಾಗಿಲನ್ನು ತಟ್ಟಿ ಅದೇ ಪ್ರಶ್ನೆಯನ್ನು ಕೇಳುತ್ತದೆ. ಬಾಗಿಲು ತೆರೆಯುವಾಕೆಗೆ ಇದೆಲ್ಲ ಹೇಗೆ ಕಾಣಬೇಕು? ನಮ್ಮಲ್ಲಿಯೂ ಸಮೀಕ್ಷೆಗೆಂದು ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳುಹಿಸಿದವರಿಗೆ ಈ ಪ್ರಶ್ನೆಯ ಮೊನೆ ಗೊತ್ತು. ನಾನೊಮ್ಮೆ ವಿದ್ಯಾರ್ಥಿಗಳೊಡನೆ ಹೋಗಿದ್ದಾಗ ಮುದುಕಿಯೊಬ್ಬಳು, ಹೋದ ಸಲ ಬರೆದುಕೊಂಡು ಹೋದ ಕಾಗದ ಕಳೆದುಹೋಯಿತೇನಪ್ಪ ಎಂದು ಕೇಳಿದಳು. ಕಳೆದಿರಲಿಲ್ಲ, ಅದನ್ನು ಯಾರೂ ತೆರೆದು ನೋಡಿರಲಿಲ್ಲ.

ಒಂದು ಕೇಂದ್ರ ಮುಚ್ಚಿದರೆ ಅಲ್ಲಿ ಕಲಿತದ್ದೆಲ್ಲವೂ ಅದರೊಡನೆಯೇ ಮುಚ್ಚಿಹೋಗುತ್ತದೆ. ಹಾರ್ಲೆಮ್ ಸಮಿತಿಯೂ 1970ರ ದಶಕದಲ್ಲಿ ಇಲ್ಲವಾಯಿತು. ಬಳಗದ ಅಗತ್ಯ ತೋರಿದುದು ಇಂತಹ ನಷ್ಟಗಳ ನಡುವೆ. 1977ರಲ್ಲಿ ಸಮುದಾಯ ವಿನ್ಯಾಸ ಸಂಘವು ಸ್ಥಾಪಿತವಾಯಿತು. ಅದರಿಂದ ಕೇಂದ್ರಗಳ ಕಷ್ಟಗಳು ನೀಗಿದುವೆಂದು ಭಾವಿಸಬಾರದು. 1981ರಿಂದ ರೇಗನ್ ಆಡಳಿತವು ವಸತಿ ಮತ್ತು ಸಮಾಜಕಲ್ಯಾಣದ ವೆಚ್ಚಗಳನ್ನು ಕಡಿಮೆಮಾಡಿದಾಗ ಅನೇಕ ಕೇಂದ್ರಗಳು ಕಣ್ಮರೆಯಾದುವು. ಆದರೆ ಉಳಿದವುಗಳಿಗೆ ಪರಸ್ಪರ ವಿಳಾಸ ತಿಳಿದಿದ್ದಿತು. ಯಾವ ನಿಧಿಯನ್ನು ಹೇಗೆ ಬೇಡಬೇಕು, ನಿವಾಸಿಗಳ ಸಭೆಯನ್ನು ಹೇಗೆ ನಡೆಸಬೇಕು ಎಂಬ ವಿಷಯಗಳನ್ನು ಪ್ರತಿಯೊಬ್ಬರೂ ಮೊದಲಿನಿಂದ ಕಂಡುಹಿಡಿಯಬೇಕಾಗಿರಲಿಲ್ಲ. ಬಳಗವೆಂಬುದು ಮೊದಲ ಹಂತದಲ್ಲಿ ನೆನಪಿನ ಒಂದು ವ್ಯವಸ್ಥೆ. ಸಾಮಾನ್ಯವಾಗಿ ಹೇಳುವ ಸಹಕಾರ, ಸೌಹಾರ್ದ ಮೊದಲಾದುವು ಅದರ ಅನಂತರದವು.

1996ರಲ್ಲಿ ವಾಸ್ತುಶಿಕ್ಷಣವನ್ನು ಕುರಿತು ಅರ್ನೆಸ್ಟ್ ಬಾಯರ್ ಮತ್ತು ಲೀ ಮಿಟ್‌ಗ್ಯಾಂಗ್ ಅವರು ಕಾರ್ನೆಗಿ ಪ್ರತಿಷ್ಠಾನಕ್ಕಾಗಿ ಸಿದ್ಧಪಡಿಸಿದ ವರದಿ ಪ್ರಕಟವಾಯಿತು. ಬಾಯರ್ ಅವರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಸಮಾಜಸೇವೆಯು ಶಿಕ್ಷಣದ ಅಂಗವೇ ಆಗಬೇಕೆಂದು ಆ ವರದಿ ಹೇಳಿತು. ವರದಿ ಬರುವುದಕ್ಕೆ ಮೊದಲೇ ದಕ್ಷಿಣದ ಅಲಬಾಮ ಪ್ರಾಂತದಲ್ಲಿ ಅದು ಆಚರಣೆಗೆ ಬಂದಿದ್ದಿತು. ಆಬರ್ನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಮಾಕ್‌ಬೀ ಮತ್ತು ಡಿ. ಕೆ. ರೂತ್ ಅವರು 1993ರಲ್ಲಿ ಗ್ರಾಮೀಣ ಕಾರ್ಯಶಾಲೆಯನ್ನು ಆರಂಭಿಸಿ, ವಿದ್ಯಾರ್ಥಿಗಳನ್ನು ಮುಖ್ಯ ಆವರಣದಿಂದ ಬಹುದೂರದ ಹೇಲ್ ಕೌಂಟಿಗೆ ಕಳುಹಿಸಿ ಅಲ್ಲಿಯೇ ವಾಸಮಾಡಿಸಿದರು. 1936ರಲ್ಲಿ ಜೇಮ್ಸ್ ಏಜಿಯೂ ವಾಕರ್ ಎವಾನ್ಸರೂ ಗೇಣಿದಾರರ ಬಡತನವನ್ನು ದಾಖಲಿಸಿದುದು ಇದೇ ಸೀಮೆಯಲ್ಲಿ. 1994ರಲ್ಲಿ ಮೇಸನ್ಸ್ ಬೆಂಡ್ ಎಂಬಲ್ಲಿ ಹುಲ್ಲಿನ ಹೊರೆಗಳನ್ನು ಪೇರಿಸಿ, ಗಾರೆ ಬಳಿದು ಕಟ್ಟಿದ ಅವರ ಮೊದಲ ಮನೆ ಪ್ರಸಿದ್ಧವಾಯಿತು. ಹಳೆಯ ಗಾಡಿಚಕ್ರಗಳು, ವಾಹನದ ಗಾಜುಗಳು ಸಹ ಮುಂದೆ ಗೋಡೆಗಳಾದುವು. ಪತ್ರಿಕೆಗಳು ಮೆಚ್ಚಿದುದು ಈ ಚಮತ್ಕಾರವನ್ನೇ. 2001ರ ಕೊನೆಯಲ್ಲಿ ಮಾಕ್‌ಬೀ ನಿಧನರಾದರು.

ಅವರ ಉತ್ತರಾಧಿಕಾರಿ ಆಂಡ್ರೂ ಫ್ರೀಯರ್ ಅವರ ಕಾಲದಲ್ಲಿ, 2005ರಲ್ಲಿ, ಕಾರ್ಯಶಾಲೆ ಹಿಡಿದ ದಾರಿ ನನಗೆ ಇನ್ನೂ ಹೆಚ್ಚು ಮಹತ್ವದ್ದಾಗಿ ಕಾಣುತ್ತದೆ. ಸರಕಾರದ ನಿವೃತ್ತಿ ನೆರವಿನಿಂದ ಜೀವಿಸುವವನೊಬ್ಬನು ಸಾಲವಾಗಿ ಪಡೆದು ತೀರಿಸಬಹುದಾದ ಮೊತ್ತವನ್ನು ಲೆಕ್ಕಹಾಕಿ 20,000 ಡಾಲರುಗಳೆಂದು ಗೊತ್ತುಮಾಡಿದರು. ಸಾಮಗ್ರಿಯೂ ಕೂಲಿಯೂ ಅಷ್ಟರೊಳಗೇ ಮುಗಿಯುವ ಮನೆಯನ್ನು ರೂಪಿಸುವ ಸಮಸ್ಯೆಯೊಂದನ್ನೇ ವರ್ಷದಿಂದ ವರ್ಷಕ್ಕೆ ವಿದ್ಯಾರ್ಥಿಗಳಿಗೆ ಕೊಡುತ್ತ ಹೋದರು. ಹಿಂದಿನ ತಂಡದ ಮನೆಯಲ್ಲಿ ಎಲ್ಲಿ ಸೆಕೆಯಾಯಿತು, ಎಲ್ಲಿ ಹಣ ವ್ಯರ್ಥವಾಯಿತು ಎಂಬುದನ್ನು ನೋಡಿ ಮುಂದಿನ ತಂಡ ತಿದ್ದಬೇಕು. ಹೊಸದನ್ನು ಮಾಡಿ ಹೆಸರು ಪಡೆಯಬೇಕೆಂಬ ತರುಣರಿಗೆ ಇದು ಸುಲಭದ ಶಿಸ್ತಲ್ಲ. ಪಾಠಾವಧಿಗೂ ಜೀವಮಾನಕ್ಕೂ ನಡುವಣ ಕಂದರಕ್ಕೆ ಒಂದು ಶಾಲೆಯೊಳಗೆ ಹಾಕಬಹುದಾದ ಸೇತುವೆ ಇದು.

ಪದವಿ ಪಡೆದು ಹೊರಬಂದವರ ಗತಿಯೇನು? ಅವರಲ್ಲಿ ಅನೇಕರು ದೊಡ್ಡ ಕಚೇರಿಗಳನ್ನು ಸೇರಿ ಎಲ್ಲವನ್ನೂ ಮರೆಯಬೇಕಾಗುತ್ತಿದ್ದಿತು. 2000ದಲ್ಲಿ ಸ್ಥಾಪಿತವಾದ ರೋಸ್ ವಾಸ್ತುಶಿಲ್ಪ ವೃತ್ತಿವೇತನವು ತರುಣ ವಾಸ್ತುಶಿಲ್ಪಿಗಳನ್ನು ಮೂರು ವರ್ಷಗಳ ಕಾಲ ಸ್ಥಳೀಯ ವಸತಿಸಂಸ್ಥೆಗಳಲ್ಲಿ ನಿಲ್ಲಿಸಿತು. ಅದೇ ವರ್ಷ ಬ್ರಯಾನ್ ಬೆಲ್ ಅವರು ಇಂತಹ ಕೆಲಸಗಾರರ ಸಮ್ಮೇಳನಗಳನ್ನು ಆರಂಭಿಸಿದರು. 2005ರಲ್ಲಿ ಹಾರ್ವರ್ಡಿನಲ್ಲಿ ಸೇರಿದ ಸಭೆಯೊಂದರಿಂದ ಸೀಡ್ ಎಂಬ ಬಳಗ ಹುಟ್ಟಿತು. ಸಾಮಾಜಿಕ, ಆರ್ಥಿಕ, ಪರಿಸರ ವಿನ್ಯಾಸ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಈ ಹೆಸರಾಗಿದೆ; ಬೀಜವೆಂಬ ಅರ್ಥವೂ ಅದರಲ್ಲಿ ಅಡಗಿದೆ. ನಿರ್ಣಯದಲ್ಲಿ ನಿವಾಸಿಗಳು ಪಾಲುಗೊಂಡರೆ, ಗುರಿಯನ್ನು ಗೊತ್ತುಮಾಡಿದವರು ಯಾರು, ಫಲವನ್ನು ಅಳೆದುದು ಹೇಗೆ ಎಂಬ ಪ್ರಶ್ನೆಗಳ ಒರೆಗಲ್ಲನ್ನು ಅದು ರಚಿಸಿತು. ಸಂಘಕ್ಕೆ ನೆನಪು ಮುಖ್ಯವಾಗಿದ್ದರೆ ಈ ಬಳಗಕ್ಕೆ ಮಾನದಂಡ ಮುಖ್ಯ. ವೃತ್ತಿಯ ಮನ್ನಣೆಯೂ ಕ್ರಮೇಣ ದೊರೆಯಿತು. 2011ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯು ಬೆಲ್ ಮತ್ತು ಅವರ ಮೂವರು ಸಹೋದ್ಯೋಗಿಗಳಿಗೆ ಈ ವಿಷಯದ ಸಂಶೋಧನೆಗಾಗಿ ಲಟ್ರೋಬ್ ಪಾರಿತೋಷಕವನ್ನು ಕೊಟ್ಟಿತು. ಆ ಮೂವರಲ್ಲೊಬ್ಬರಾದ ಡೇವಿಡ್ ಪರ್ಕಿಸ್, 2005ರ ಕತ್ರೀನಾ ಚಂಡಮಾರುತದ ಅನಂತರ ಮಿಸಿಸಿಪಿಯ ಬಿಲಾಕ್ಸಿ ಪಟ್ಟಣದಲ್ಲಿ ನೆಲೆಯೂರಿ ಮನೆಗಳನ್ನು ಮತ್ತೆ ಕಟ್ಟಿಸಿದವರು.

ಈ ಬಳಗಗಳ ಸದಸ್ಯರ ಪಟ್ಟಿಯನ್ನು ನೋಡುವಾಗ ಇತಿಹಾಸದ ವಿದ್ಯಾರ್ಥಿಗೆ ಒಂದು ಸಂಶಯ ಬಾರದಿರದು. ಅಲ್ಲಿರುವವರು ಅಧ್ಯಾಪಕರು, ವಾಸ್ತುಶಿಲ್ಪಿಗಳು, ಯೋಜಕರು. ಆಲಿಸ್ ಕಾರ್ನಗೆಯಂತಹವರು ಎಲ್ಲಿ? ಹಾರ್ಲೆಮ್‌ನಲ್ಲಿ ಸಂಘ ಮೊದಲು, ವಾಸ್ತುಶಿಲ್ಪಿ ಆಮೇಲೆ. ವೃತ್ತಿಬಳಗಗಳಲ್ಲಿ ಈ ಕ್ರಮ ತಿರುಗುಮುರುಗಾಗುವ ಅಪಾಯವಿದೆ. ಸೀಡ್ ಬಳಗದ ಒರೆಗಲ್ಲು ಈ ಅಪಾಯವನ್ನರಿತೇ ರಚಿತವಾದುದು ನಿಜ. ಆದರೆ ನಿವಾಸಿಗಳು ಪಾಲುಗೊಂಡರೆಂದು ಬರೆದುಕೊಡುವವನು ಸಾಮಾನ್ಯವಾಗಿ ವಿನ್ಯಾಸಕನೇ.

ಗ್ರಾಮೀಣ ಕಾರ್ಯಶಾಲೆಗೆ ಈಚೆಗೆ ಎದುರಾಗಿರುವ ತೊಡಕು ಮತ್ತೊಂದು ಬಗೆಯದು. ಅದರ ಅಗ್ಗದ ಮನೆಗಳನ್ನು ಹೇಲ್ ಕೌಂಟಿಯ ಹೊರಗೆ, ವಿದ್ಯಾರ್ಥಿಗಳ ದುಡಿಮೆಯಿಲ್ಲದೆ ಕಟ್ಟಲು ಹೊರಟಾಗ, ವೆಚ್ಚವು 20,000 ಡಾಲರುಗಳಲ್ಲಿ ನಿಲ್ಲಲಿಲ್ಲ. ಅಷ್ಟು ಸಣ್ಣ ಸಾಲವನ್ನು ಕೊಡುವುದು ಬ್ಯಾಂಕುಗಳಿಗೆ ಲಾಭದಾಯಕವಲ್ಲವೆಂಬುದೂ ಕಂಡುಬಂದಿತು. ನಕ್ಷೆಯಲ್ಲಿ ಲೋಪವಿರಲಿಲ್ಲ, ಸಾಲ, ವಿಮೆ, ಪರವಾನಗಿಗಳ ವ್ಯವಸ್ಥೆ ಅಂತಹ ಮನೆಯನ್ನು ಗುರುತಿಸಲು ಸಿದ್ಧವಾಗಿರಲಿಲ್ಲ. ಆದುದರಿಂದ ಕಾರ್ಯಶಾಲೆಯು ಈಗ ಬೇರೆ ಪ್ರಾಂತಗಳ ವಸತಿಸಂಸ್ಥೆಗಳೊಡನೆ ಕೂಡಿ, ಅವರು ತಮ್ಮ ಊರಿನಲ್ಲಿ ಇದೇ ನಕ್ಷೆಗಳಿಂದ ಮನೆ ಕಟ್ಟುವಾಗ ಯಾವ ಕಚೇರಿಯಲ್ಲಿ ಯಾವ ಕಾಗದ ನಿಂತಿತೆಂಬುದನ್ನು ಮನೆಯಿಂದ ಮನೆಗೆ ಬರೆದಿಡುತ್ತಿದೆ.