ಕಣ್ಣಿನ ಕೊನೆಯಲ್ಲಿ ಹುಟ್ಟಿದ ಮಾತುಗಳು

ಆಷಾಢ ಬಂತೆಂದರೆ ಹೊಸ ಸೊಸೆ ತವರಿಗೆ ಹೊರಡುತ್ತಾಳೆ. ತಿಂಗಳಿಡೀ ಗಂಡ ಹೆಂಡತಿ ದೂರ ದೂರ. ಆದರೆ ಅದೇ ತಿಂಗಳ ಹುಣ್ಣಿಮೆಯ ಹೊತ್ತಿಗೆ ಚಾಮರಾಜನಗರದಲ್ಲಿ ಚಾಮರಾಜೇಶ್ವರನ ತೇರು. 1826ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಗುಡಿಯದು. ಎರಡೂ ಮನೆಯವರು ಜಾತ್ರೆಗೆ ಬರುತ್ತಾರೆ. ಹೊಸ ಜೋಡಿಗಳು ಬಾಳೆಹಣ್ಣಿಗೆ ದವನದ ಕುಡಿ ಸಿಕ್ಕಿಸಿ ತೇರಿನತ್ತ ಎಸೆಯುತ್ತವೆ. ಸುತ್ತ ಹಿರಿಯರು ನಿಂತಿರುವಾಗ ನೆಟ್ಟಗೆ ನೋಡಲು ನಾಚಿಕೆ. ಹಣ್ಣು ತೇರಿನ ಕಡೆ, ಕಣ್ಣಿನ ಕೊನೆ ಇನ್ನೊಂದು ಕಡೆ.

ಆ ನೋಟವೇ ಕುಡಿನೋಟ. ಕುಡಿ ಎಂದರೆ ಎಳೆಯ ತುದಿ: ಕುಂಬಳದ ಕುಡಿ, ದೀಪದ ಕುಡಿ, ಮನೆತನದ ಕುಡಿ. ಇಂಥ ನೋಟಕ್ಕೆ ಇಂಗ್ಲಿಷಿನಲ್ಲೂ ಹಳೆಯ ಪದವೊಂದಿತ್ತು. ಫ್ರೆಂಚರ ‘ಕಣ್ಣು’ ಎಂಬ ಮಾತಿನಿಂದ ಬಂದದ್ದು. ಷೇಕ್ಸ್‌ಪಿಯರ್ ಅದನ್ನು ‘ಕಿಂಗ್ ಲಿಯರ್’ನಲ್ಲಿ ಬಳಸಿದ್ದಾನೆ, ಇಂದು ಅದನ್ನು ಆಡುವವರು ಅಪರೂಪ. ನಮ್ಮ ಕುಡಿನೋಟ ಮಾತ್ರ ಮದುವೆಮನೆಯ ಕೀಟಲೆಯಲ್ಲಿ ಇನ್ನೂ ಹಸಿರಾಗಿದೆ.

ಇಂಥ ಕದ್ದುನೋಟ ಈ ಸೀಮೆಯ ನಂಟಿರುವ ಹಳೆಯ ನಾಟಕವೊಂದರ ಬೇರಿನಲ್ಲೂ ಇದೆ. ಇದೇ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಹಂಗಳದಲ್ಲಿ ಪಟ್ಟಕ್ಕೇರುವ ಮುಂಚೆ ದಿನ ಕಳೆದ ಚಿಕ್ಕದೇವರಾಜ ಒಡೆಯರು ಮುಂದೆ ಕವಿಗಳ ಆಶ್ರಯದಾತರಾದರು. ಅವರ ಆಸ್ಥಾನದ ಸಿಂಗರಾರ್ಯ ಬರೆದ ‘ಮಿತ್ರವಿಂದಾ ಗೋವಿಂದ’ ಕನ್ನಡದಲ್ಲಿ ಈಗ ಸಿಗುವ ಮೊದಲ ನಾಟಕ. ಅದಕ್ಕೆ ಮೂಲ ಹರ್ಷನ ‘ರತ್ನಾವಳಿ’. ಆ ಸಂಸ್ಕೃತ ನಾಟಕದಲ್ಲಿ ನಾಯಕಿಯ ಪ್ರೇಮ ಶುರುವಾಗುವುದೇ ಮದನೋತ್ಸವದ ದಿನ ಮರೆಯಲ್ಲಿ ನಿಂತು ರಾಜನನ್ನು ನೋಡಿದಾಗ.

ನೋಟ ಕಣ್ಣಿನ ಕೊನೆಯಿಂದಲೇ ಹೊರಟರೂ ನೋಡುವವರು ಯಾರು ಎಂಬುದರ ಮೇಲೆ ಅರ್ಥ ಮಗುಚುತ್ತದೆ. ಹೆಣ್ಣು ನೋಡಿದರೆ ಒಲವು. ದೇವರು ನೋಡಿದರೆ ಕೃಪೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟ ಹತ್ತುವವರು ಬೇಡುವ ‘ಕೃಪಾಕಟಾಕ್ಷ’ದಲ್ಲಿರುವ ‘ಕಟಾಕ್ಷ’ಕ್ಕೂ ಮೂಲದಲ್ಲಿ ಓರೆನೋಟವೆಂದೇ ಅರ್ಥ. ದೊರೆ ಹಾಗೆ ನೋಡಿದರೆ? ಅಲ್ಲಿ ಬರುವುದು ‘ಕಡೆಗಣಿಸು’. ಕಡೆ ಎಂದು ಗಣಿಸು ಎಂದೂ ಬಿಡಿಸಬಹುದು. ಕಡೆಗಣ್ಣಿನಿಂದ ನೋಡು ಎಂದೂ ಬಿಡಿಸಬಹುದು. ಈ ಸೀಮೆಯನ್ನು ಬಲ್ಲವರಿಗೆ ಎರಡನೆಯದೇ ಮನಸ್ಸಿಗೆ ಹತ್ತಿರ.

ಏಕೆಂದರೆ ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ ಎಂಬ ನಂಬಿಕೆ ದಶಕಗಳ ಕಾಲ ಬೇರೂರಿತ್ತು. 1997ರಲ್ಲಿ ಜಿಲ್ಲೆಯಾದಾಗ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಅದನ್ನು ಉದ್ಘಾಟಿಸಿದ್ದು ಜಿಲ್ಲಾ ಕೇಂದ್ರದಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ತನ್ನ ಹೆಸರಿನ ಜಿಲ್ಲೆ ಹುಟ್ಟುವ ದಿನವೂ ಊರಿಗೆ ದಕ್ಕಿದ್ದು ದೂರದ ನೋಟವೇ. ಇದು ನೋಯುವ ಮಾತು. ಆದರೆ 2013ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಊರಿಗೆ ಬಂದರು, ಮತ್ತೆ ಮತ್ತೆ ಬಂದರು, ಐದು ವರ್ಷದ ಅವಧಿಯನ್ನೂ ಮುಗಿಸಿದರು.

ಅದೇ ಅವಧಿಯಲ್ಲಿ, 2017ರಲ್ಲಿ, ಚಾಮರಾಜೇಶ್ವರನ ಹಳೆಯ ತೇರಿಗೆ ಕಿಡಿಗೇಡಿಯೊಬ್ಬ ಬೆಂಕಿ ಇಟ್ಟ. ಹೊಸ ತೇರು ಬೀದಿಗೆ ಇಳಿದದ್ದು 2022ರ ಆಷಾಢದಲ್ಲಿ. ನಡುವಿನ ವರ್ಷಗಳಲ್ಲಿ ಮದುವೆಯಾದ ಜೋಡಿಗಳಿಗೆ ಹಣ್ಣು ದವನ ಎಸೆಯುವ ಆ ಒಂದು ನೆಪ ಸಿಗಲೇ ಇಲ್ಲ.