ಯೋಚಿಸದೆ ಹೊರಡುವದಕ್ಕೆ ಬೇಕಾದ ಯೋಚನೆ

ಊರು ಬಿಟ್ಟು ಹೊರಡುವದಕ್ಕೆ ಸಂಸ್ಕೃತದಲ್ಲಿ ಹಲವು ಶಬ್ದಗಳಿವೆ. ‘ಯಾತ್ರಾ’ ಎಂಬುದು ಹೋಗುವದೆಂಬ ಅರ್ಥದ ‘ಯಾ’ ಧಾತುವಿನಿಂದ ಬಂದದ್ದು. ‘ಪ್ರವಾಸ’ವು ‘ವಸ್’ ಧಾತುವಿನಿಂದ ಹುಟ್ಟಿದ್ದು. ಸ್ವಗೃಹವನ್ನು ಬಿಟ್ಟು ಹೊರಗೆ ವಾಸಿಸುವದೆಂದು ಅದರ ಅರ್ಥ. ಮೊದಲನೆಯ ಶಬ್ದದಲ್ಲಿ ಕಾಲಿಗೆ ಕೆಲಸ. ಎರಡನೆಯದರಲ್ಲಿ ಮನೆಯ ಅಗಲಿಕೆ. ನಮ್ಮ ಕಡೆಯ ಗೃಹಸ್ಥರು ನಡೆಯಲಿಕ್ಕೆ ಅಂಜುವವರಲ್ಲ. ಮನೆಯನ್ನಗಲಲಿಕ್ಕೆ ಮಾತ್ರ ಅಂಜುತ್ತಾರೆ. ಹೊರಡಬೇಕಾದರೆ ಒಂದು ಕಾರಣ ಬೇಕು: ಲಗ್ನ, ಜಾತ್ರೆ, ಬಾಣಂತನ, ಆಸ್ಪತ್ರೆ, ಕೋರ್ಟು, ಇಲ್ಲವೆ ಸಾವು. ಕಾರಣವಿಲ್ಲದೆ, ಕೇವಲ ನೋಡುವ ಆಶೆಯಿಂದ, ಇಂದು ಮನಸ್ಸಾಯಿತೆಂದು ನಾಳೆ ಗಾಡಿಯನ್ನೇರುವ ಕುಟುಂಬಗಳು ನಮ್ಮ ಹುಲಕೋಟಿಯಂಥ ಊರಿನಲ್ಲಿ ಎಷ್ಟಿದ್ದಾವು? ಇಂಥ ಸಣ್ಣ ಪ್ರವಾಸವು ಶ್ರೀಮಂತರ ಶೋಕಿಯಲ್ಲ. ಸಾಮಾನ್ಯ ಸಂಸಾರಕ್ಕೂ ಅದು ಸುಲಭಸಾಧ್ಯವೆಂಬುದನ್ನು ವಾಚಕರಿಗೆ ತಿಳಿಸುವದೇ ಈ ಲೇಖನದ ಉದ್ದೇಶ.

ದೇವರು ನಮ್ಮನ್ನು ಇಟ್ಟಿರುವ ಸ್ಥಳವೇ ಇದಕ್ಕೆ ಅನುಕೂಲವಾಗಿದೆ. ಹುಲಕೋಟಿಯು ಹುಬ್ಬಳ್ಳಿ-ಗದಗ ರೈಲುದಾರಿಯ ಮೇಲಿನ ಒಂದು ಚಿಕ್ಕ ಸ್ಟೇಶನ್ನು. ಪಡುವಲಿಗೆ ಅಣ್ಣಿಗೇರಿ, ಮೂಡಲಿಗೆ ಬಿಂಕದಕಟ್ಟಿ, ಅದರಾಚೆಗೆ ಗದಗ. ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯವರು ಈ ಸೀಮೆಯಲ್ಲಿ ಕಬ್ಬಿಣದ ಹಾದಿಯನ್ನು ಹಾಕಿದರು. ಕರಿಯ ನೆಲದ ಹತ್ತಿಯನ್ನು ಸಮುದ್ರದ ರೇವಿಗೆ ಸಾಗಿಸುವದು ಆಗಿನ ದೊಡ್ಡ ಪ್ರಯೋಜನ. ೧೯೦೮ರಲ್ಲಿ ಆ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. ಸ್ವಾತಂತ್ರ್ಯಾನಂತರ ಹಲವು ಆಡಳಿತಗಳನ್ನು ಕಂಡು, ೨೦೦೩ರಿಂದ ಹುಬ್ಬಳ್ಳಿಯೇ ಮುಖ್ಯಸ್ಥಾನವಾಗಿರುವ ನೈಋತ್ಯ ರೈಲ್ವೆಗೆ ಈ ದಾರಿಯು ಸೇರಿದೆ. ಮೀಟರ್ ಗೇಜಿನ ಹಳಿಗಳು ಹೋಗಿ ಬ್ರಾಡ್ ಗೇಜು ಬಂದಿತು. ‘ಉಗಿಬಂಡಿ’ ಎಂಬ ಹೆಸರು ಹಿರಿಯರ ಬಾಯಲ್ಲಿ ಉಳಿದಿದೆ. ಉಗಿ ಮಾತ್ರ ಉಳಿದಿಲ್ಲ.

ಗದಗವು ಜಂಕ್ಶನ್ ಎಂಬುದನ್ನು ನಾವು ನಿತ್ಯ ಕೇಳುತ್ತೇವೆ. ಅದರ ಬೆಲೆಯನ್ನು ನೆನೆಯುವದು ಅಪರೂಪ. ಅಲ್ಲಿಂದ ಬಡಗಲಿಗೆ ಬಾದಾಮಿ, ಬಾಗಲಕೋಟೆ, ವಿಜಯಪುರಗಳ ದಾರಿ. ಮೂಡಲಿಗೆ ಕೊಪ್ಪಳ, ಹೊಸಪೇಟೆಗಳ ದಾರಿ. ಪಡುವಲಿಗೆ ಹುಬ್ಬಳ್ಳಿ, ಲೋಂಡಾ, ಗೋವೆಗಳ ದಾರಿ. ಒಂದೇ ಸ್ಟೇಶನ್ನಿನಿಂದ ಚಾಲುಕ್ಯರ ಗುಹೆಗಳಿಗೂ ವಿಜಯನಗರದ ಬೀದಿಗಳಿಗೂ ಸಹ್ಯಾದ್ರಿಯ ಘಟ್ಟಕ್ಕೂ ಹೋಗಬಹುದು. ಇಂಥ ಅನುಕೂಲವು ಬಹಳ ಊರುಗಳಿಗಿಲ್ಲ.

ಯುರೋಪ ಖಂಡದಲ್ಲಿ ಸಣ್ಣ ರೈಲು ಪ್ರವಾಸವೆಂದರೆ ಫ್ರಾನ್ಸ್ ಮತ್ತು ಸ್ವಿಟ್ಜರ್ಲಂಡುಗಳ ಹೆಸರು ಮೊದಲು ಬರುತ್ತದೆ. ನೆರೆಹೊರೆಯ ಈ ಎರಡು ದೇಶಗಳ ಪದ್ಧತಿಗಳು ಮಾತ್ರ ಬೇರೆ ಬೇರೆ. ಫ್ರಾನ್ಸಿನ ‘ಟಿ.ಜಿ.ವಿ.’ ಎಂಬ ಅತಿವೇಗದ ಗಾಡಿಯು ೧೯೮೧ರಲ್ಲಿ ಪ್ಯಾರಿಸ್-ಲಿಯೋಂ ಮಾರ್ಗದಲ್ಲಿ ಆರಂಭವಾಯಿತು. ಇಂದು ಪ್ಯಾರಿಸ್ಸಿನಿಂದ ಜಿನೀವಾ ನಗರವನ್ನು ಸುಮಾರು ಮೂರೂಕಾಲು ತಾಸಿನಲ್ಲಿ ಮುಟ್ಟಬಹುದು. ಆದರೆ ಅದರಲ್ಲಿ ಪ್ರತಿಯೊಬ್ಬರೂ ಆಸನವನ್ನು ಕಾದಿರಿಸಲೇಬೇಕು. ಹೊರಡುವ ದಿನ ಸಮೀಪಿಸಿದಂತೆ ದರವು ಸಾಮಾನ್ಯವಾಗಿ ಏರುತ್ತದೆ. ಪಾಸು ಇದ್ದವರೂ ಆಸನಕ್ಕೆ ಬೇರೆ ಹಣ ಕೊಡಬೇಕು. ಸ್ವಿಟ್ಜರ್ಲಂಡಿನಲ್ಲಿ ಹೀಗಿಲ್ಲ. ಅಲ್ಲಿ ೧೯೮೨ರಿಂದ ದೇಶಕ್ಕೆಲ್ಲ ಒಂದೇ ತಾಳದ ವೇಳಾಪತ್ರಿಕೆಯಿದೆ. ಮುಖ್ಯ ಮಾರ್ಗಗಳಲ್ಲಿ ಪ್ರತಿ ತಾಸಿಗೆ ಅದೇ ನಿಮಿಷಕ್ಕೆ ಗಾಡಿ ಹೊರಡುತ್ತದೆ. ಜಂಕ್ಶನ್ನುಗಳಲ್ಲಿ ಒಂದು ಗಾಡಿಯಿಂದ ಇನ್ನೊಂದಕ್ಕೂ, ಅಲ್ಲಿಂದ ಬಸ್ಸಿಗೂ, ದೋಣಿಗೂ ಹೊಂದಿಕೆಯಾಗುವಂತೆ ಗಣಿತ ಮಾಡಿದ್ದಾರೆ. ಸಾಮಾನ್ಯ ಗಾಡಿಗಳಿಗೆ ಆಸನ ಕಾದಿರಿಸುವ ಗೊಡವೆಯಿಲ್ಲ. ಮೂರು, ನಾಲ್ಕು, ಆರು, ಎಂಟು ಇಲ್ಲವೆ ಹದಿನೈದು ದಿನಗಳ ಪಾಸು ತೆಗೆದುಕೊಂಡವನು ಬೆಳಿಗ್ಗೆ ಆಕಾಶವನ್ನು ನೋಡಿ, ಮೋಡವಿಲ್ಲದ ದಿಕ್ಕಿಗೆ ಹೊರಟುಬಿಡಬಹುದು.

ಇದರಲ್ಲಿ ನಾವು ಗಮನಿಸತಕ್ಕ ಅಂಶವಿಷ್ಟೇ: ಸ್ವಿಸ್ ಪ್ರವಾಸಿಕನು ಯೋಚಿಸದೆ ಹೊರಡುತ್ತಾನೆ, ಏಕೆಂದರೆ ಅವನ ಪರವಾಗಿ ಇನ್ನೊಬ್ಬರು ಮೊದಲೇ ಯೋಚಿಸಿದ್ದಾರೆ. ಸ್ವಚ್ಛಂದತೆಯ ಕೆಳಗೆ ವ್ಯವಸ್ಥೆಯ ತಳಹದಿ ಬೇಕು. ಕಾಳಿದಾಸನ ಮೇಘದೂತದಲ್ಲಿ ಯಕ್ಷನು ಮೋಡಕ್ಕೆ ಮೊದಲು ದಾರಿಯನ್ನು ಹೇಳಿ, ಆ ಮೇಲೆ ಸಂದೇಶವನ್ನು ಹೇಳುವನು. ಎಲ್ಲಿ ವಿಶ್ರಮಿಸಬೇಕು, ಯಾವ ನದಿಯ ನೀರನ್ನು ಕುಡಿಯಬೇಕು, ಎಲ್ಲವನ್ನೂ ಕ್ರಮವಾಗಿ ತಿಳಿಸಿ, ಉಜ್ಜಯಿನಿಯು ಸುತ್ತಿನ ದಾರಿಯಾದರೂ ನೋಡದೆ ಹೋಗಬೇಡವೆನ್ನುವನು. ಅವನಲ್ಲಿ ಯೋಜನೆಯೂ ಇದೆ, ಸುತ್ತು ಹಾಕುವ ಸಡಿಲಿಕೆಯೂ ಇದೆ. ಒಳ್ಳೆಯ ಪ್ರವಾಸಕ್ಕೆ ಇವೆರಡೂ ಬೇಕು.

ನಮ್ಮ ದೇಶದ ಪದ್ಧತಿಯಲ್ಲಿ ಈ ಎರಡರ ಛಾಯೆಯೂ ಇದೆ. ದೂರದ ಗಾಡಿಯಲ್ಲಿ ಮಲಗುವ ಸ್ಥಳ ಬೇಕಾದರೆ ಮುಂಗಡವಾಗಿ ಕಾದಿರಿಸಬೇಕು. ೨೦೨೪ರ ನವೆಂಬರ್ ೧ರಿಂದ ಈ ಮುಂಗಡದ ಅವಧಿಯು ೧೨೦ ದಿನಗಳಿಂದ ೬೦ಕ್ಕೆ ಇಳಿದಿದೆ. ಅವಸರದವರಿಗೆ ತತ್ಕಾಲದ ಸೌಲಭ್ಯವುಂಟು. ಅದಕ್ಕೆ ಹಣ ಹೆಚ್ಚು, ನಂಬಿಕೆ ಕಡಿಮೆ. ಆದರೆ ಹಗಲು ಹೊತ್ತಿನ ಎರಡು-ಮೂರು ತಾಸುಗಳ ಪಯಣಕ್ಕೆ ಇದೊಂದೂ ಬೇಕಾಗಿಲ್ಲ. ಕಿಟಕಿಯಲ್ಲಿ ಸಾಮಾನ್ಯ ತಿಕೀಟು ತೆಗೆದುಕೊಂಡು ಹತ್ತಿದರಾಯಿತು. ೧೯೯ ಕಿಲೋಮೀಟರಿನೊಳಗಿನ ಇಂಥ ತಿಕೀಟನ್ನು ಕೊಂಡ ಮೂರು ತಾಸಿನೊಳಗೆ, ಇಲ್ಲವೆ ಆ ಊರಿಗೆ ಹೋಗುವ ಮೊದಲನೆಯ ಗಾಡಿ ಹೊರಡುವದರೊಳಗೆ, ಯಾವದು ತಡವೋ ಅಷ್ಟರಲ್ಲಿ, ಪ್ರಯಾಣವನ್ನು ಆರಂಭಿಸಬೇಕೆಂಬ ನಿಯಮವನ್ನು ನೆನಪಿನಲ್ಲಿಡತಕ್ಕದ್ದು. ಆದುದರಿಂದ ಹಠಾತ್ತನೆ ಹೊರಡುವವರ ಮೊದಲನೆಯ ಸೂತ್ರ: ಹಗಲು ಪಯಣ, ಹತ್ತಿರದ ಊರು, ಸಾಮಾನ್ಯ ತಿಕೀಟು.

ಇನ್ನು ಮೂರು ದಿಕ್ಕುಗಳ ವಿಚಾರ. ಹುಲಕೋಟಿಯಲ್ಲಿ ಎಲ್ಲ ಗಾಡಿಗಳೂ ನಿಲ್ಲುವದಿಲ್ಲವಾದ್ದರಿಂದ ಬಸ್ಸಿನಲ್ಲಿ ಗದಗಕ್ಕೆ ಹೋಗಿ ಅಲ್ಲಿಂದ ಹೊರಡುವದು ನಿಶ್ಚಿಂತೆ. ಬಡಗಣ ದಾರಿಯಲ್ಲಿ ಬಾದಾಮಿಯು ಸುಮಾರು ೭೦ ಕಿಲೋಮೀಟರು. ಹೊಳೆಆಲೂರಿನ ಹತ್ತಿರ ಮಲಪ್ರಭೆ ಕಾಣುತ್ತಾಳೆ. ಕರಿಯ ಮಣ್ಣು ಹಿಂದುಳಿದು ಕೆಂಗಲ್ಲಿನ ಗುಡ್ಡಗಳು ಏಳುತ್ತವೆ. ಬಾದಾಮಿಯ ಸ್ಟೇಶನ್ನು ಊರಿನಿಂದ ಸುಮಾರು ಐದು ಕಿಲೋಮೀಟರು ದೂರವಿದೆಯೆಂಬುದನ್ನು ಹೊಸಬರು ಮೊದಲೇ ತಿಳಿದಿರಬೇಕು. ಅಲ್ಲಿಯ ನಾಲ್ಕು ಗುಹೆಗಳಲ್ಲಿ ಮೂರನೆಯದರ ಶಾಸನವು ಶಕವರ್ಷ ೫೦೦ರದು, ಎಂದರೆ ಕ್ರಿ.ಶ. ೫೭೮ರದು, ಮಂಗಲೇಶನು ಮಾಡಿಸಿದ ಕೆಲಸ. ಒಂದು ರಾತ್ರಿ ತಂಗಿದರೆ ಮರುದಿನ ಬನಶಂಕರಿ, ಮಹಾಕೂಟ, ಪಟ್ಟದಕಲ್ಲುಗಳನ್ನು ನೋಡಬಹುದು. ಪಟ್ಟದಕಲ್ಲು ೧೯೮೭ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ. ಮನಸ್ಸೂ ಕೈಯಲ್ಲಿ ದಿನವೂ ಉಳಿದರೆ ಅದೇ ಹಳಿಯ ಮೇಲೆ ಮುಂದೆ ವಿಜಯಪುರ. ಅಲ್ಲಿ ಗೋಳಗುಮ್ಮಟವು ಸ್ಟೇಶನ್ನಿಗೆ ಸಮೀಪವೇ ಇದೆ.

ಮೂಡಣ ದಾರಿಯಲ್ಲಿ ಕೊಪ್ಪಳದ ಕೋಟೆಯ ಬೆಟ್ಟ ಕಾಣುತ್ತದೆ. ಅನಂತರ ಮುನಿರಾಬಾದು, ತುಂಗಭದ್ರೆ, ಹೊಸಪೇಟೆ. ಗದಗದಿಂದ ೯೦ ಕಿಲೋಮೀಟರಿಗೂ ಕಡಿಮೆ. ಹೊಸಪೇಟೆಯಿಂದ ಹಂಪೆಗೆ ಬಸ್ಸು ಉಂಟು. ಹಂಪೆಯನ್ನು ಒಂದೇ ದಿನದಲ್ಲಿ ಮುಗಿಸುತ್ತೇವೆಂಬ ಹಟ ಬೇಡ. ವಿರೂಪಾಕ್ಷನ ದರ್ಶನ, ನದಿಯ ದಂಡೆಯಲ್ಲಿ ಒಂದು ತಾಸು, ಸಂಜೆಯ ಹೊತ್ತಿಗೆ ವಿಠ್ಠಲ ದೇವಾಲಯ. ಇಷ್ಟಾದರೆ ಒಂದು ದಿನವು ಸಾರ್ಥಕವೇ.

ಪಡುವಣ ದಾರಿಯು ನಮ್ಮ ಸ್ವಿಟ್ಜರ್ಲಂಡು. ಹುಬ್ಬಳ್ಳಿಯಲ್ಲಿ ೧೫೦೭ ಮೀಟರು ಉದ್ದದ ಪ್ಲಾಟುಫಾರಮು ೨೦೨೩ರಿಂದ ಇದೆ; ಒಂದು ತುದಿಯಲ್ಲಿಳಿದು ಇನ್ನೊಂದು ತುದಿಯ ಗಾಡಿಗೆ ಹೋಗಬೇಕಾದ ವೃದ್ಧರು ಈ ಅಂಕೆಯನ್ನು ಮರೆಯಬಾರದು. ಧಾರವಾಡ, ಅಳ್ನಾವರ, ಲೋಂಡಾಗಳನ್ನು ದಾಟಿದ ಮೇಲೆ ಕ್ಯಾಸಲ್ ರಾಕಿನಿಂದ ಗಾಡಿಯು ಘಟ್ಟವನ್ನಿಳಿಯುತ್ತದೆ. ಇಲ್ಲಿಯ ಇಳಿಜಾರು ೩೭ಕ್ಕೆ ೧. ಎಂದರೆ ೩೭ ಅಡಿ ಮುಂದೆ ಹೋಗುವಷ್ಟರಲ್ಲಿ ಒಂದು ಅಡಿ ಕೆಳಗೆ. ನಡುವೆ ೩೧೦ ಮೀಟರು ಎತ್ತರದ ದೂಧಸಾಗರವು ಹಳಿಯ ಮಗ್ಗುಲಲ್ಲಿಯೇ ಧುಮುಕುತ್ತದೆ. ಸ್ವಿಸ್ ಜನರು ೧೮೭೧ರಲ್ಲಿ ರೀಗಿ ಪರ್ವತಕ್ಕೆ ಹಲ್ಲುಹಳಿಯ ದಾರಿ ಹಾಕಿದರು. ೧೯೧೨ರಲ್ಲಿ ೩೪೫೪ ಮೀಟರು ಎತ್ತರದ ಯುಂಗ್‌ಫ್ರಾವ್ ಕಣಿವೆಯವರೆಗೆ ಗಾಡಿಯನ್ನು ಒಯ್ದರು. ಅದು ದೊಡ್ಡ ಸಾಹಸವೇ. ಆದರೆ ೧೮೮೮ರ ಹೊತ್ತಿಗೆ ನಮ್ಮ ಈ ಘಟ್ಟದಲ್ಲಿಯೂ, ಮಳೆ, ಜ್ವರ, ಕಾಡುಗಳ ನಡುವೆ, ಹೆಸರಿಲ್ಲದ ಕೂಲಿಜನರು ಬಂಡೆಯೊಡೆದು ದಾರಿ ಮಾಡಿದ್ದರೆಂಬುದನ್ನು ಕಿಟಕಿಯಲ್ಲಿ ಕೂತವರು ನೆನೆಯಬೇಕು. ಜಲಪಾತವನ್ನು ಗಾಡಿಯೊಳಗಿಂದಲೇ ನೋಡಿ ತೃಪ್ತರಾಗಿರಿ. ಹಳಿಯ ಮೇಲೆ ನಡೆಯುವದು ಅಪಾಯವೂ ಹೌದು, ಅಪರಾಧವೂ ಹೌದು. ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ನಿಲ್ಲುವದುಂಟಾದ್ದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳುವದು ಲೇಸು.

ಮೂರು ದಿಕ್ಕುಗಳಲ್ಲಿ ಒಂದನ್ನೇ ಆರಿಸಿರಿ. ಮೂರು ದಿನಗಳಲ್ಲಿ ಮೂರನ್ನೂ ನೋಡುವೆವೆಂದು ಹೊರಟವರು ಗಾಡಿಗಳನ್ನು ನೋಡುತ್ತಾರೆ, ಊರುಗಳನ್ನಲ್ಲ. ಹೋಗುವಾಗ ರೈಲನ್ನೂ ಬರುವಾಗ ಬಸ್ಸನ್ನೂ ಹಿಡಿದರೆ ವೇಳೆಯ ಬಿಗಿ ಸಡಿಲಾಗುತ್ತದೆ. ೨೦೨೩ರ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ತಿಕೀಟಿನ ಹಣವಿಲ್ಲ. ಸ್ವಿಸ್ ಪ್ರವಾಸಿಕನು ಪಾಸಿಗೆ ಹಣ ತೆತ್ತು ಪಡೆಯುವ ಸ್ವಾತಂತ್ರ್ಯದ ಒಂದು ಪಾಲು ನಮ್ಮ ಗೃಹಿಣಿಯರಿಗೆ ಗುರುತಿನ ಚೀಟಿಯೊಂದರಿಂದಲೇ ದೊರೆತಿದೆ.

ಗೃಹಿಣಿಯ ಮಾತು ಬಂದಿತು. ನಿಜವಾದ ತೊಡಕು ಇರುವದು ಅಲ್ಲಿಯೇ. ಗಂಡಸರು ಅಂಗಿಯನ್ನು ತೊಟ್ಟರೆ ಪ್ರವಾಸಕ್ಕೆ ಸಿದ್ಧರು. ಮನೆಯಾಕೆಗೆ ಹಾಗಲ್ಲ. ಎಮ್ಮೆಯ ಹಾಲು ಹಿಂಡುವವರಾರು, ಅತ್ತೆಯವರ ಗುಳಿಗೆ ಕೊಡುವವರಾರು, ಹೆಪ್ಪು ಹಾಕುವವರಾರು, ಮೊಮ್ಮಗನನ್ನು ಶಾಲೆಗೆ ಕಳಿಸುವವರಾರು? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆಯುವವರೆಗೆ ಅವಳ ಪಾಲಿಗೆ ಯಾವ ಗಾಡಿಯೂ ಹೊರಡುವದಿಲ್ಲ. ಆದುದರಿಂದ ಹಠಾತ್ ಪ್ರವಾಸದ ಸಿದ್ಧತೆಯನ್ನು ಸ್ಟೇಶನ್ನಿನಲ್ಲಿ ಮಾಡತಕ್ಕದ್ದಲ್ಲ, ಅಡಿಗೆಯ ಮನೆಯಲ್ಲಿ ಮಾಡತಕ್ಕದ್ದು. ನೆರೆಮನೆಯವರೊಡನೆ ಒಂದು ಒಪ್ಪಂದವಿರಲಿ: ಈ ಸಲ ನಮ್ಮ ಹಟ್ಟಿಯನ್ನು ನೀವು ನೋಡಿರಿ, ಮುಂದಿನ ಸಲ ನಿಮ್ಮದನ್ನು ನಾವು ನೋಡುವೆವು. ಮಗ್ಗುಲ ಕಣಗಿನಹಾಳದಲ್ಲಿ ೧೯೦೫ರಲ್ಲಿಯೇ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿದ ನಾಡು ಇದು. ಹಣದಲ್ಲಿ ಸಹಕಾರವನ್ನು ಕಲಿತ ನಮಗೆ ಹಟ್ಟಿ-ಹಾಲುಗಳಲ್ಲಿ ಅದು ಕಷ್ಟವಾಗಲಾರದು.

ಒಂದು ಚಿಕ್ಕ ಚೀಲವು ಸದಾ ಸಿದ್ಧವಿರಲಿ. ಎರಡು ಜೊತೆ ಬಟ್ಟೆ, ಹೊದಿಕೆ, ವೈದ್ಯರು ಬರೆದುಕೊಟ್ಟ ಚೀಟಿಯೊಡನೆ ಐದು ದಿನಗಳ ಔಷಧ, ಗುರುತಿನ ಚೀಟಿ, ಬ್ಯಾಟರಿ, ನೀರಿನ ತಂಬಿಗೆ. ಇದಕ್ಕಿಂತ ಹೆಚ್ಚು ಬೇಡ. ದಾರಿಯ ಆಹಾರಕ್ಕೆ ಸಂಸ್ಕೃತದಲ್ಲಿ ‘ಪಾಥೇಯ’ವೆಂಬ ಅಂದವಾದ ಹೆಸರಿದೆ, ಪಥಕ್ಕೆ ಹಿತವಾದದ್ದೆಂದು ಅರ್ಥ. ನಮ್ಮ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಪುಡಿಗಳಷ್ಟು ಈ ಹೆಸರಿಗೆ ಒಪ್ಪುವ ಪದಾರ್ಥಗಳು ಬೇರಿಲ್ಲ. ನಾಲ್ಕು ದಿನ ಕೆಡುವದಿಲ್ಲ, ಬುತ್ತಿ ಕಟ್ಟಲು ಅರ್ಧ ತಾಸು ಸಾಕು.

ಮಕ್ಕಳು ಯುರೋಪದಲ್ಲಿ ಉದ್ಯೋಗಕ್ಕಿರುವ ಕುಟುಂಬಗಳು ಈಗ ನಮ್ಮ ಹಳ್ಳಿಗಳಲ್ಲಿಯೂ ಇವೆ. ಅವರಿಗೆ ಎರಡು ಮಾತು. ಅಲ್ಲಿಗೆ ಹೋದ ಮೇಲೆ ಸ್ವಚ್ಛಂದವಾಗಿ ತಿರುಗಬಹುದು. ಹೋಗುವದು ಮಾತ್ರ ಸ್ವಚ್ಛಂದವಾಗಿ ಆಗದು. ಶೆಂಗೆನ್ ವೀಸಾಕ್ಕೆ ಹೊರಡುವ ದಿನಕ್ಕಿಂತ ಕನಿಷ್ಠ ೧೫ ದಿನ ಮೊದಲು, ಹೆಚ್ಚೆಂದರೆ ಆರು ತಿಂಗಳು ಮೊದಲು ಅರ್ಜಿ ಕೊಡಬೇಕು. ಕನಿಷ್ಠ ೩೦,೦೦೦ ಯೂರೋ ಮೊತ್ತದ ಆರೋಗ್ಯವಿಮೆ ಬೇಕು. ಸ್ವಿಟ್ಜರ್ಲಂಡು ಯುರೋಪಿಯನ್ ಒಕ್ಕೂಟಕ್ಕೆ ಸೇರದಿದ್ದರೂ ೨೦೦೮ರಿಂದ ಶೆಂಗೆನ್ ಪ್ರದೇಶದಲ್ಲಿರುವದರಿಂದ ಒಂದೇ ವೀಸಾದಲ್ಲಿ ಎರಡೂ ದೇಶಗಳನ್ನು ನೋಡಬಹುದು. ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ ಹಾಕತಕ್ಕದ್ದು. ಫ್ರಾನ್ಸಿನ ಅತಿವೇಗದ ಗಾಡಿಯ ತಿಕೀಟನ್ನು ಮೊದಲೇ ಕೊಂಡು, ಸ್ವಿಸ್ ದಿನಗಳನ್ನು ಆಕಾಶಕ್ಕೆ ಬಿಡುವದು ಜಾಣತನ.

ಆದರೆ ಆ ದೊಡ್ಡ ಪ್ರವಾಸಕ್ಕಾಗಿ ಈ ಸಣ್ಣದನ್ನು ತಡೆಹಿಡಿಯಬಾರದು. ನಮ್ಮ ಸ್ನೇಹಿತರಾದ ಒಬ್ಬ ನಿವೃತ್ತ ಶಿಕ್ಷಕರ ಪತ್ನಿಯು ಬಾದಾಮಿಯನ್ನು ನೋಡಬೇಕೆಂದು ಬಹಳ ವರ್ಷ ಕೇಳಿದ್ದರು. ‘ಮಗನ ಕಡೆ ಹೋದಾಗ ದೊಡ್ಡ ದೊಡ್ಡ ಪರ್ವತಾನ ತೋರಿಸ್ತೀನಿ’ ಎಂದು ಸ್ನೇಹಿತರು ಹೇಳುತ್ತ ಬಂದರು. ಮಗನ ಮನೆ ಕಟ್ಟುವದಾಯಿತು, ಮಗಳ ಹೆರಿಗೆಯಾಯಿತು, ಮಹಾಮಾರಿಯ ಎರಡು ವರ್ಷಗಳು ಹೋದವು. ಕಡೆಗೊಮ್ಮೆ ಇಬ್ಬರೂ ಬಾದಾಮಿಗೆ ಹೊರಟರು. ಗುಹೆಗಳ ಮೆಟ್ಟಿಲ ಬುಡದಲ್ಲಿ ಆ ತಾಯಿಯ ಮೊಣಕಾಲು ನಡೆಯಲೊಲ್ಲೆನೆಂದವು. ‘ನೀವು ಹತ್ತಿ ನೋಡಿ ಬರ್ರಿ, ನಾ ಇಲ್ಲೇ ಕೂತಿರ್ತೀನಿ’ ಎಂದು ಅವರು ಕೆಳಗೆ ಕುಳಿತರು. ಸ್ನೇಹಿತರು ಮೊದಲನೆಯ ಗುಹೆಯವರೆಗೆ ಹೋಗಿ ತಿರುಗಿ ಬಂದರಂತೆ. ಅಗಸ್ತ್ಯತೀರ್ಥದ ದಂಡೆಯ ಮೇಲೆ ಇಬ್ಬರೂ ರೊಟ್ಟಿ ತಿಂದು, ಸಂಜೆಯ ಗಾಡಿಗೆ ಮರಳಿದರು. ಆ ದಿನ ಸುಖವಾಗಿಯೇ ಕಳೆಯಿತೆಂದು ಆ ತಾಯಿ ಹೇಳುತ್ತಾರೆ. ಹತ್ತು ವರ್ಷ ಮೊದಲು ಹೊರಟಿದ್ದರೆ ಮೇಲೆಯೂ ಹತ್ತುತ್ತಿದ್ದೆನೆಂದೂ ಹೇಳುತ್ತಾರೆ.

ಹಣವನ್ನು ಕೂಡಿಡಬಹುದು, ರಜೆಯನ್ನು ಕೂಡಿಡಬಹುದು, ಮೊಣಕಾಲಿನ ಬಲವನ್ನು ಕೂಡಿಡುವ ಬ್ಯಾಂಕು ಎಲ್ಲಿಯೂ ಇಲ್ಲ. ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೇ: ಮುಂದಿನ ಎರಡು ರಜೆಗಳು ಒಟ್ಟಿಗೆ ಬಂದಾಗ, ಮನೆಯಾಕೆಯ ನಾಲ್ಕು ಪ್ರಶ್ನೆಗಳಿಗೆ ಮೊದಲು ಉತ್ತರವನ್ನು ಒದಗಿಸಿರಿ. ಆ ಮೇಲೆ ಯಾವ ದಿಕ್ಕಿಗೆ ಹೋಗಬೇಕೆಂಬುದನ್ನು ಅವರೇ ಹೇಳಲಿ.