ಯಾವ ಡಿಜಿಟಲ್ ಹ್ಯಾಂಡಿ ಕೊಳ್ಳಬೇಕು?

ಹ್ಯಾಮ್ ರೇಡಿಯೋಗೆ ಡಿಜಿಟಲ್ ಹ್ಯಾಂಡಿ, ಅಂದರೆ ಕೈಯಲ್ಲಿ ಹಿಡಿಯುವ ಸೆಟ್ಟು, ಕೊಳ್ಳುವಿರಾ? ಬೆಲೆ, ಬ್ಯಾಟರಿ ಆಮೇಲೆ ನೋಡಿ. ನಿಮ್ಮೂರಿಗೆ ಸಿಗುವ ರಿಪೀಟರ್ (ಸಿಗ್ನಲ್ ಮರುಪ್ರಸಾರ ಮಾಡುವ ಕೇಂದ್ರ) ಯಾವ ಡಿಜಿಟಲ್ ಪದ್ಧತಿಯದು ಎಂದು ಮೊದಲು ಕೇಳಿ. ಐಕಾಮ್‌ನಲ್ಲಿ ಸಿಗುವ ಡಿ-ಸ್ಟಾರ್, ಯಾಸು ಕಂಪನಿಯ ಸಿ4ಎಫ್‌ಎಂ, ಹಲವು ಕಂಪನಿಗಳ ಡಿಎಂಆರ್, ಇವು ಒಂದರ ಮಾತು ಇನ್ನೊಂದಕ್ಕೆ ನೇರವಾಗಿ ತಿಳಿಯದು. ಡಿಎಂಆರ್ 12.5 ಕಿಲೋಹರ್ಟ್ಸ್ ಚಾನೆಲ್‌ನಲ್ಲೇ ಸರದಿಯಂತೆ ಎರಡು ಸಂಭಾಷಣೆ ಸಾಗಿಸುತ್ತದೆ, ಸೆಟ್ಟುಗಳೂ ಅಗ್ಗ. ಆದರೆ ಕಲರ್ ಕೋಡ್, ಟೈಮ್ ಸ್ಲಾಟ್, ಟಾಕ್‌ಗ್ರೂಪ್ ಎಂಬ ಮೂರು ಸೆಟ್ಟಿಂಗ್‌ಗಳನ್ನೂ ಸರಿಯಾಗಿ ತುಂಬದಿದ್ದರೆ ಸೆಟ್ಟು ಮೂಕ.

ಹಾಟ್‌ಸ್ಪಾಟ್ (ಸೆಟ್ಟನ್ನು ಇಂಟರ್ನೆಟ್ ಮೂಲಕ ರೇಡಿಯೋ ಜಾಲಕ್ಕೆ ಸೇರಿಸುವ ಪುಟ್ಟ ಸಾಧನ) ಇಟ್ಟುಕೊಂಡರೆ ಪದ್ಧತಿಗಳ ಭೇದ ನೀಗುತ್ತದಲ್ಲ ಎನ್ನಬಹುದು. ನಿಜ, ಆದರೆ ಅದಕ್ಕೆ ಇಂಟರ್ನೆಟ್ ಬೇಕು. ಪ್ರವಾಹದಲ್ಲಿ ಮೊಬೈಲ್ ಟವರ್ ಕೆಟ್ಟರೆ ಅದೂ ನಿಂತಿತು. ಡಿಜಿಟಲ್ ಧ್ವನಿ ಸ್ವಚ್ಛ, ಒಪ್ಪಿದೆ. ಆದರೆ ಸಿಗ್ನಲ್ ಕ್ಷೀಣಿಸಿದಾಗ ಅನಲಾಗ್ ಎಫ್‌ಎಂ ಕರಕರ ಎನ್ನುತ್ತಲೇ ಕೇಳಿಸುತ್ತದೆ, ಡಿಜಿಟಲ್ ತಟ್ಟನೆ ತುಂಡಾಗುತ್ತದೆ. ಹಾಗಾಗಿ ಎಫ್‌ಎಂ ಕೂಡ ಇರುವ ಸೆಟ್ಟನ್ನೇ ಆರಿಸಿ. ಲೈಸೆನ್ಸ್ ಪಡೆದ ಮೇಲೆಯೇ ಮಾತಾಡುವ ಗುಂಡಿ (ಪಿಟಿಟಿ) ಒತ್ತಿ.